ಸ್ಟೋರೇಜ್ ಅರೇಯಲ್ಲಿ ಜಾಗದ ಹಂಚಿಕೆ: ಅಳೆಯುವುದು, ಕೊಡುವುದು, ಮರಳಿ ಪಡೆಯುವುದು

ಸರ್ವರ್‌ನಲ್ಲಿ ಫೈಲ್‌ಗಳನ್ನು ಅಳಿಸಿ ಅರ್ಧ ಡಿಸ್ಕ್ ಖಾಲಿ ಮಾಡಿದರೂ ಸ್ಟೋರೇಜ್ ಅರೇ, ಅಂದರೆ ಹಲವು ಸರ್ವರ್‌ಗಳಿಗೆ ಡಿಸ್ಕ್ ಜಾಗ ಒದಗಿಸುವ ಪೆಟ್ಟಿಗೆ, ತುಂಬುತ್ತಲೇ ಇರುವುದೇಕೆ ಎಂಬ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಕೊಂಡ ಟೆರಾಬೈಟ್‌ಗಳಿಗೂ ಪರದೆಯ ಮೇಲೆ ಕಾಣುವುದಕ್ಕೂ ಇಷ್ಟು ಅಂತರವೇಕೆ, ಇರುವ ಜಾಗಕ್ಕಿಂತ ಹೆಚ್ಚು ಹಂಚಿದರೆ ಅಪಾಯವಿಲ್ಲವೇ ಎಂಬ ಪ್ರಶ್ನೆಗಳೂ ಅದರ ಬೆನ್ನಿಗೇ ಬರುತ್ತವೆ. ಮೂರಕ್ಕೂ ಮೂಲ ಒಂದೇ. ಅರೇಯಲ್ಲಿ ಜಾಗದ ಲೆಕ್ಕವನ್ನು ನಾಲ್ಕು ಮಟ್ಟಗಳಲ್ಲಿ ಇಡಲಾಗುತ್ತದೆ, ಆದರೆ ಆ ನಾಲ್ಕು ಲೆಕ್ಕಗಳು ತಾವಾಗಿಯೇ ಒಂದಕ್ಕೊಂದು ತಾಳೆಯಾಗುವುದಿಲ್ಲ. ತಾಳೆ ಮಾಡುವುದು ಆಡಳಿತ ನೋಡಿಕೊಳ್ಳುವವರ ಕೆಲಸ, ಮತ್ತು ಅದನ್ನು ಅರೇ ತುಂಬಿದ ರಾತ್ರಿಯಲ್ಲಿ ಅಲ್ಲ, ಸರ್ವರ್‌ಗೆ ಜಾಗ ಕೊಡುವ ದಿನವೇ ಆರಂಭಿಸಬೇಕು.

ಸ್ಪಷ್ಟತೆಗಾಗಿ ನೆಟ್‌ಆ್ಯಪ್ ಕಂಪನಿಯ ಆನ್‌ಟ್ಯಾಪ್ ವ್ಯವಸ್ಥೆಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಹೋಸ್ಟ್ (ಅರೇಯ ಜಾಗ ಬಳಸುವ ಸರ್ವರ್) ಕಡೆಯಲ್ಲಿ ಲಿನಕ್ಸ್ ಮತ್ತು ವಿಎಂವೇರ್ ಇವೆ ಎಂದು ಭಾವಿಸಿದ್ದೇನೆ. ಡೆಲ್, ಹಿಟಾಚಿ, ಎಚ್‌ಪಿಇ, ಐಬಿಎಂ ಅರೇಗಳಲ್ಲಿ ಹೆಸರುಗಳು ಬೇರೆಯಾದರೂ ತತ್ವ ಬದಲಾಗುವುದಿಲ್ಲ.

ಮೊದಲು ಪದಗಳ ಪರಿಚಯ

ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸಿ, ಒಂದೆರಡು ಕೆಟ್ಟರೂ ಡೇಟಾ ಉಳಿಯುವಂತೆ ಪ್ಯಾರಿಟಿ, ಅಂದರೆ ಕಳೆದ ಡೇಟಾವನ್ನು ಮತ್ತೆ ಲೆಕ್ಕ ಹಾಕಿ ಪಡೆಯುವ ಮಾಹಿತಿ, ಸೇರಿಸಿ ಕಟ್ಟಿದ ಗುಂಪು ರೇಡ್ ಗ್ರೂಪ್. ಒಂದು ಅಥವಾ ಹೆಚ್ಚು ರೇಡ್ ಗ್ರೂಪ್‌ಗಳು ಸೇರಿ ಪೂಲ್ ಆಗುತ್ತದೆ. ಆನ್‌ಟ್ಯಾಪ್‌ನಲ್ಲಿ ಇದಕ್ಕೆ ಅಗ್ರಿಗೇಟ್ ಎಂದು ಹೆಸರು. ಪೂಲ್‌ನೊಳಗೆ ಕೊರೆದ ವಿಭಾಗ ವಾಲ್ಯೂಮ್. ವಾಲ್ಯೂಮ್‌ನೊಳಗೆ ಇದ್ದು, ಸರ್ವರ್‌ಗೆ ತನ್ನದೇ ಸ್ವಂತ ಡಿಸ್ಕ್ ಎಂಬಂತೆ ಕಾಣಿಸುವ ವಸ್ತು ಲನ್. ಆ ಲನ್ ಮೇಲೆ ಸರ್ವರ್ ಫೈಲ್‌ಗಳನ್ನು ಜೋಡಿಸಿಡುವ ತನ್ನ ಫೈಲ್ ಸಿಸ್ಟಂ ಕಟ್ಟುತ್ತದೆ. ಮೇಲೆ ಹೇಳಿದ ನಾಲ್ಕು ಲೆಕ್ಕಗಳು ಪೂಲ್, ವಾಲ್ಯೂಮ್, ಲನ್ ಮತ್ತು ಫೈಲ್ ಸಿಸ್ಟಂಗಳಿಗೆ ಸೇರಿದವು.

ಲನ್‌ಗೆ ಹೇಳಿದಷ್ಟು ಜಾಗವನ್ನು ಮೊದಲೇ ಪೂಲ್‌ನಲ್ಲಿ ಕಾದಿರಿಸಿದರೆ ಅದು ಥಿಕ್ ಪ್ರಾವಿಷನಿಂಗ್. ಗಾತ್ರವನ್ನು ತೋರಿಸಿ, ಬರೆದಂತೆಲ್ಲ ಮಾತ್ರ ಜಾಗ ಕೊಡುತ್ತಾ ಹೋದರೆ ಥಿನ್ ಪ್ರಾವಿಷನಿಂಗ್. ಸ್ನ್ಯಾಪ್‌ಶಾಟ್ ಎಂದರೆ ಒಂದು ಕ್ಷಣದ ಡೇಟಾವನ್ನು ಹಾಗೆಯೇ ಹಿಡಿದಿಡುವ ಪ್ರತಿ. ತೆಗೆದ ಕ್ಷಣದಲ್ಲಿ ಅದು ಹೆಚ್ಚುಕಡಿಮೆ ಜಾಗವನ್ನೇ ತಿನ್ನುವುದಿಲ್ಲ, ಆದರೆ ಮುಂದೆ ಮೂಲದಲ್ಲಿ ಬದಲಾದ ಅಥವಾ ಅಳಿಸಿದ ಪ್ರತಿ ಬ್ಲಾಕ್‌ನ (ಡೇಟಾದ ಚಿಕ್ಕ ತುಂಡಿನ) ಹಳೆಯ ರೂಪವನ್ನು ಬಿಡದೆ ಇಟ್ಟುಕೊಳ್ಳುತ್ತದೆ.

ಕೆಲಸಕ್ಕೆ ಮುನ್ನ ಕೈಯಲ್ಲಿರಬೇಕಾದದ್ದು

ಅರೇಯ ಆಡಳಿತ ಖಾತೆ, ಹೋಸ್ಟ್‌ಗಳಲ್ಲಿ ರೂಟ್ ಅನುಮತಿ, ಯಾವ ಲನ್ ಯಾವ ಹೋಸ್ಟ್‌ಗೆ ಯಾರ ಕೋರಿಕೆಯ ಮೇರೆಗೆ ಕೊಟ್ಟದ್ದು ಎಂಬ ಪಟ್ಟಿ, ಮತ್ತು ಕನಿಷ್ಠ ಮೂರು ತಿಂಗಳ ಬಳಕೆಯ ದಾಖಲೆ ಬೇಕು. ಕೊನೆಯದು ಇಲ್ಲದಿದ್ದರೆ ಇಂದಿನಿಂದಲೇ ವಾರಕ್ಕೊಮ್ಮೆ ಪೂಲ್‌ನ ಬಳಕೆಯನ್ನು ಒಂದು ಹಾಳೆಯಲ್ಲಿ ಬರೆದಿಡಲು ಆರಂಭಿಸಿ. ಹೊಸ ಡಿಸ್ಕ್ ತರಿಸಲು ನಿಮ್ಮ ಸಂಸ್ಥೆಯಲ್ಲಿ ಅನುಮೋದನೆಯಿಂದ ಅಳವಡಿಕೆಯವರೆಗೆ ಎಷ್ಟು ತಿಂಗಳು ಹಿಡಿಯುತ್ತದೆ ಎಂಬುದನ್ನೂ ಖರೀದಿ ವಿಭಾಗದವರಿಂದ ತಿಳಿದುಕೊಳ್ಳಿ. ಈ ಒಂದು ಸಂಖ್ಯೆ ಮುಂದಿನ ಹಲವು ನಿರ್ಧಾರಗಳಿಗೆ ಆಧಾರವಾಗುತ್ತದೆ.

ಹಂತ 1: ನಿಜವಾಗಿ ಎಷ್ಟು ಜಾಗವಿದೆ ಎಂದು ಅಳೆಯಿರಿ

ಡಿಸ್ಕ್ ತಯಾರಕರು ಒಂದು ಟೆರಾಬೈಟ್ ಎಂದರೆ ಒಂದು ಲಕ್ಷ ಕೋಟಿ ಬೈಟ್ ಎಂದು ಹತ್ತರ ಲೆಕ್ಕದಲ್ಲಿ ಹೇಳುತ್ತಾರೆ. ಹಲವು ಅರೇಗಳೂ ಆಪರೇಟಿಂಗ್ ಸಿಸ್ಟಂಗಳೂ ಎರಡರ ಘಾತದಲ್ಲಿ ಎಣಿಸುತ್ತವೆ. ಈ ಗೊಂದಲ ನಿವಾರಣೆಗೆಂದೇ ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1998ರಲ್ಲಿ ಎರಡರ ಲೆಕ್ಕಕ್ಕೆ ಗಿಬಿಬೈಟ್, ಟೆಬಿಬೈಟ್ ಎಂಬ ಪ್ರತ್ಯೇಕ ಹೆಸರುಗಳನ್ನು ಕೊಟ್ಟಿತು, ಆದರೂ ಪರದೆಗಳ ಮೇಲೆ ಟಿಬಿ ಎಂದು ಬರೆದು ಟೆಬಿಬೈಟ್ ಎಣಿಸುವ ರೂಢಿ ಇನ್ನೂ ಹೋಗಿಲ್ಲ. 10 ಟೆರಾಬೈಟ್ ಎಂದರೆ ಸುಮಾರು 9.09 ಟೆಬಿಬೈಟ್.

7.68 ಟೆರಾಬೈಟ್‌ನ 24 ಎಸ್‌ಎಸ್‌ಡಿಗಳಿರುವ ಒಂದು ಶೆಲ್ಫ್ ತೆಗೆದುಕೊಳ್ಳಿ. ಪೆಟ್ಟಿಗೆಯ ಮೇಲಿನ ಲೆಕ್ಕ 184.32 ಟೆರಾಬೈಟ್. ಒಂದು ಡಿಸ್ಕನ್ನು ಸ್ಪೇರ್ ಆಗಿ, ಅಂದರೆ ಬೇರೊಂದು ಕೆಟ್ಟಾಗ ಅದರ ಜಾಗಕ್ಕೆ ಬರಲು, ಬಿಡಬೇಕು. ಉಳಿದ 23ರಲ್ಲಿ ಎರಡು ಡಿಸ್ಕ್ ಕೆಟ್ಟರೂ ತಡೆದುಕೊಳ್ಳುವ ರೇಡ್-ಡಿಪಿ ಕಟ್ಟಿದರೆ ಎರಡು ಡಿಸ್ಕ್‌ಗಳಷ್ಟು ಜಾಗ ಪ್ಯಾರಿಟಿಗೆ ಹೋಗಿ 21 ಡಿಸ್ಕ್‌ಗಳಷ್ಟು ಡೇಟಾಗೆ ಸಿಗುತ್ತದೆ. ಒಂದೊಂದು ಡಿಸ್ಕ್ ಸುಮಾರು 6.98 ಟೆಬಿಬೈಟ್ ಆಗಿರುವುದರಿಂದ ಒಟ್ಟು ಸುಮಾರು 146.7 ಟೆಬಿಬೈಟ್. ಆನ್‌ಟ್ಯಾಪ್ ತನ್ನ ಆಂತರಿಕ ಬಳಕೆಗೆಂದು ಇದರ 10 ಪ್ರತಿಶತವನ್ನು ಕಾದಿರಿಸಿದರೆ ಉಳಿಯುವುದು 132. ಹೊಸ ಆವೃತ್ತಿಗಳಲ್ಲಿ ದೊಡ್ಡ ಫ್ಲ್ಯಾಶ್ ಅಗ್ರಿಗೇಟ್‌ಗಳಿಗೆ ಈ ಕಾದಿರಿಸುವಿಕೆ 5 ಪ್ರತಿಶತಕ್ಕೆ ಇಳಿದಿದೆ. ಆಪರೇಟಿಂಗ್ ಸಿಸ್ಟಂಗೆ ಬೇರ್ಪಡುವ ರೂಟ್ ಪಾಲನ್ನು ನಾನಿಲ್ಲಿ ಕಳೆದಿಲ್ಲ. ಹೀಗೆ 184 ಎಂದು ಕೊಂಡದ್ದು ಹಂಚಲು ಸಿಗುವಾಗ 132 ಆಗುತ್ತದೆ. ಬಜೆಟ್ ಕೋರಿಕೆಯಲ್ಲಿ ಎರಡನೆಯ ಸಂಖ್ಯೆಯನ್ನೇ ಬರೆಯಿರಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಡೀಡುಪ್ಲಿಕೇಶನ್ ಮತ್ತು ಕಂಪ್ರೆಶನ್‌ನಿಂದ ಉಳಿಯಬಹುದಾದ ಜಾಗವನ್ನು ಮೊದಲೇ ಇರುವ ಜಾಗವೆಂದು ಎಣಿಸುವುದು. ಒಂದೇ ಬಗೆಯ ಬ್ಲಾಕ್‌ಗಳನ್ನು ಒಮ್ಮೆ ಮಾತ್ರ ಇಡುವುದು ಡೀಡುಪ್ಲಿಕೇಶನ್, ಡೇಟಾವನ್ನು ಹಿಂಡಿ ಚಿಕ್ಕದಾಗಿಸುವುದು ಕಂಪ್ರೆಶನ್. ಒಂದೇ ಟೆಂಪ್ಲೇಟ್‌ನಿಂದ ಹುಟ್ಟಿದ ವರ್ಚುವಲ್ ಮೆಷಿನ್‌ಗಳಲ್ಲಿ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಹೋಸ್ಟ್‌ನಲ್ಲಿಯೇ ಎನ್‌ಕ್ರಿಪ್ಟ್ ಆಗಿ ಬರುವ ಡೇಟಾಬೇಸ್, ಈಗಾಗಲೇ ಹಿಂಡಿದ ವಿಡಿಯೊ ಮತ್ತು ಚಿತ್ರಗಳಲ್ಲಿ ಉಳಿತಾಯ ಶೂನ್ಯಕ್ಕೆ ಹತ್ತಿರ. ಮಾರಾಟಗಾರರು ಹೇಳುವ ಅನುಪಾತವನ್ನು ಬದಿಗಿಟ್ಟು, ನಿಮ್ಮದೇ ಪೂಲ್ ಕಳೆದ ಮೂರು ತಿಂಗಳು ತೋರಿಸಿದ ಅನುಪಾತವನ್ನು ಮಾತ್ರ ನಂಬಿ.

ಹಂತ 2: ಥಿಕ್ ಬೇಕೇ ಥಿನ್ ಬೇಕೇ ಎಂದು ನಿರ್ಧರಿಸಿ

ಥಿನ್ ಪ್ರಾವಿಷನಿಂಗ್‌ನ ಲಾಭ ನಿಜವಾದದ್ದು. ಕೋರುವವರು ಮೂರು ವರ್ಷದ ಬೆಳವಣಿಗೆಯನ್ನು ಊಹಿಸಿ ಕೇಳುತ್ತಾರೆ, ಮೊದಲ ವರ್ಷ ಅದರ ಮೂರನೇ ಒಂದು ಭಾಗವನ್ನೂ ಬಳಸುವುದಿಲ್ಲ. ಥಿಕ್ ಆಗಿ ಕೊಟ್ಟರೆ ಆ ಜಾಗ ಸುಮ್ಮನೆ ಬಿದ್ದಿರುತ್ತದೆ. ಆದರೆ ಥಿನ್ ಆಗಿ ಹಂಚಿದ ಒಟ್ಟು ಗಾತ್ರ ಪೂಲ್‌ನ ಗಾತ್ರವನ್ನು ಮೀರಿದ ಕ್ಷಣದಿಂದ, ಎಲ್ಲರೂ ಒಟ್ಟಿಗೆ ತಮ್ಮ ಪಾಲು ಕೇಳಿದರೆ ಕೊಡಲಾಗದ ಸ್ಥಿತಿಯಲ್ಲಿ ನೀವಿರುತ್ತೀರಿ. ಹಂಚಿದ್ದನ್ನು ಇರುವುದರಿಂದ ಭಾಗಿಸಿದಾಗ ಬರುವ ಸಂಖ್ಯೆ ಓವರ್‌ಸಬ್‌ಸ್ಕ್ರಿಪ್ಶನ್ ಅನುಪಾತ. 132 ಟೆಬಿಬೈಟ್‌ನ ಪೂಲ್‌ನಲ್ಲಿ 200 ಹಂಚಿದ್ದರೆ ಅದು ಸುಮಾರು 1.5.

ಎಷ್ಟು ಅನುಪಾತದವರೆಗೆ ಹೋಗಬಹುದು ಎಂದು ಕೇಳುವವರಿಗೆ ನನ್ನ ಉತ್ತರವೆಂದರೆ, ಅನುಪಾತವನ್ನು ಮಾತ್ರ ನೋಡಿ ನಿರ್ಧರಿಸಬೇಡಿ. ವರ್ಷಕ್ಕೆ ಎರಡು ಪ್ರತಿಶತ ಬೆಳೆಯುವ ಕಡತಗಳಿರುವ ಪೂಲ್‌ನಲ್ಲಿ 3 ಕೂಡ ಸುರಕ್ಷಿತವಾಗಿರಬಹುದು, ತಿಂಗಳ ಕೊನೆಯಲ್ಲಿ ಹತ್ತಾರು ಟೆಬಿಬೈಟ್ ಸುರಿಯುವ ಡೇಟಾ ವೇರ್‌ಹೌಸ್‌ಗೆ 1.2 ಕೂಡ ಅಪಾಯ. ತುಂಬುವ ವೇಗಕ್ಕಿಂತ ಡಿಸ್ಕ್ ತರಿಸುವ ವೇಗ ಹೆಚ್ಚಿದೆಯೇ ಎಂಬುದೇ ಅಳತೆಗೋಲು.

ಆನ್‌ಟ್ಯಾಪ್‌ನಲ್ಲಿ ಈ ನಿರ್ಧಾರವನ್ನು ಎರಡು ಕಡೆ ಹೇಳಬೇಕಾಗುತ್ತದೆ, ಒಂದನ್ನು ಮರೆಯುವವರು ಬಹಳ. ವಾಲ್ಯೂಮ್‌ಗೆ ಸ್ಪೇಸ್ ಗ್ಯಾರಂಟಿ ಎಂಬ ಗುಣವಿದೆ: ವಾಲ್ಯೂಮ್ (volume) ಎಂದು ಇಟ್ಟರೆ ಥಿಕ್, ನನ್ (none) ಎಂದು ಇಟ್ಟರೆ ಥಿನ್. ಲನ್‌ಗೆ ಸ್ಪೇಸ್ ರಿಸರ್ವ್ ಎಂಬ ಬೇರೆ ಗುಣವಿದೆ. ವಾಲ್ಯೂಮ್ ಥಿಕ್ ಆಗಿದ್ದು ಲನ್ ಮಾತ್ರ ಥಿನ್ ಆಗಿದ್ದರೆ ಪೂಲ್‌ನಲ್ಲಿ ಒಂದು ಬೈಟ್ ಕೂಡ ಉಳಿತಾಯವಾಗುವುದಿಲ್ಲ. ಸಾಮಾನ್ಯ ಕೆಲಸಕ್ಕೆ ಎರಡನ್ನೂ ಥಿನ್ ಮಾಡಿ. ನಿಂತರೆ ಸಂಸ್ಥೆಯೇ ನಿಲ್ಲುವಂತಹ ಒಂದೆರಡು ಡೇಟಾಬೇಸ್‌ಗಳಿಗೆ ಎರಡನ್ನೂ ಥಿಕ್ ಮಾಡಿ. ಇದರ ಜೊತೆಗೆ ಫ್ರ್ಯಾಕ್ಷನಲ್ ರಿಸರ್ವ್ ಎಂಬ ಮೂರನೆಯ ಗುಣವಿದೆ. ಸ್ನ್ಯಾಪ್‌ಶಾಟ್ ಇದ್ದಾಗ ಲನ್ ಪೂರ್ತಿಯಾಗಿ ಮತ್ತೆ ಬರೆಯಲ್ಪಟ್ಟರೂ ಸಾಲುವಷ್ಟು ಜಾಗವನ್ನು ಹಿಡಿದಿಡಬೇಕೇ ಎಂಬುದನ್ನು ಇದು ಹೇಳುತ್ತದೆ, ಮತ್ತು 0 ಅಥವಾ 100 ಮಾತ್ರ ಆಗಿರಬಲ್ಲದು. 100 ಇದ್ದರೆ 2 ಟೆಬಿಬೈಟ್‌ನ ಲನ್ 4ರಷ್ಟು ಜಾಗವನ್ನು ಹಿಡಿಯಬಹುದು. ಥಿಕ್ ವಾಲ್ಯೂಮ್ ಎಲ್ಲೋ ಇದ್ದಕ್ಕಿದ್ದಂತೆ ತುಂಬಿದಂತೆ ಕಂಡರೆ ಮೊದಲು ಇದನ್ನೇ ಪರೀಕ್ಷಿಸಿ.

ಹಂತ 3: ವಾಲ್ಯೂಮ್‌ನ ಗಾತ್ರ ಲೆಕ್ಕ ಹಾಕಿ

ವಾಲ್ಯೂಮನ್ನು ಲನ್‌ನಷ್ಟೇ ದೊಡ್ಡದಾಗಿ ಮಾಡುವುದು ಅತ್ಯಂತ ಸಾಮಾನ್ಯವಾದ ತಪ್ಪು. ಸ್ನ್ಯಾಪ್‌ಶಾಟ್‌ಗಳೂ ಅದೇ ವಾಲ್ಯೂಮ್‌ನಲ್ಲಿ ವಾಸಿಸುತ್ತವೆ. 2 ಟೆಬಿಬೈಟ್‌ನ, ಅಂದರೆ 2048 ಗಿಬಿಬೈಟ್‌ನ ಲನ್‌ನಲ್ಲಿ ದಿನಕ್ಕೆ 3 ಪ್ರತಿಶತ ಡೇಟಾ ಬದಲಾಗುತ್ತದೆ, ಏಳು ದಿನದ ಸ್ನ್ಯಾಪ್‌ಶಾಟ್ ಇಡಬೇಕು ಎಂದುಕೊಳ್ಳಿ. ದಿನಕ್ಕೆ ಸುಮಾರು 61 ಗಿಬಿಬೈಟ್‌ನಂತೆ ಏಳು ದಿನಕ್ಕೆ 430 ಗಿಬಿಬೈಟ್ ಆಗುತ್ತದೆ. ಲನ್‌ಗೆ ಇದನ್ನು ಕೂಡಿಸಿ, 10 ಪ್ರತಿಶತ ಉಸಿರಾಟದ ಜಾಗ ಬಿಟ್ಟರೆ ವಾಲ್ಯೂಮ್ ಸುಮಾರು 2726 ಗಿಬಿಬೈಟ್ ಇರಬೇಕು. ಬದಲಾವಣೆಯ ಪ್ರಮಾಣವನ್ನು ಊಹಿಸಬೇಡಿ. ಅದೇ ಬಗೆಯ ಹಳೆಯ ಲನ್‌ನ ದಿನವಹಿ ಸ್ನ್ಯಾಪ್‌ಶಾಟ್‌ಗಳ ಗಾತ್ರ ನೋಡಿದರೆ ಅದು ನೇರವಾಗಿ ಸಿಗುತ್ತದೆ. ಡೇಟಾಬೇಸ್‌ನ ಲಾಗ್‌ಗಳಿರುವ ಲನ್‌ನಲ್ಲಿ ಬದಲಾವಣೆ ಡೇಟಾ ಫೈಲ್‌ಗಳಿಗಿಂತ ಬಹಳ ಹೆಚ್ಚಿರುವುದರಿಂದ ಎರಡನ್ನೂ ಒಂದೇ ವಾಲ್ಯೂಮ್‌ನಲ್ಲಿ ಇಡದಿರುವುದು ಒಳ್ಳೆಯದು.

ಹೊಸ ವಾಲ್ಯೂಮ್‌ನಲ್ಲಿ ಸ್ನ್ಯಾಪ್‌ಶಾಟ್ ರಿಸರ್ವ್ ಎಂಬ 5 ಪ್ರತಿಶತದ ಪಾಲು ತಾನಾಗಿ ಬಂದಿರುತ್ತದೆ. ಇದು ಫೈಲ್ ಹಂಚಿಕೆಗೆ ಸರಿ, ಲನ್ ಇರುವ ವಾಲ್ಯೂಮ್‌ಗೆ 0 ಮಾಡಿ, ಏಕೆಂದರೆ ಮೇಲಿನ ಲೆಕ್ಕದಲ್ಲಿ ಸ್ನ್ಯಾಪ್‌ಶಾಟ್‌ನ ಜಾಗ ಆಗಲೇ ಸೇರಿದೆ.

ಬಳಿಕ ಎರಡು ರಕ್ಷಣೆಗಳನ್ನು ಆನ್ ಮಾಡಿ. ಆಟೋಸೈಜ್ ಇದ್ದರೆ ವಾಲ್ಯೂಮ್ ತುಂಬುತ್ತಾ ಬಂದಾಗ ಪೂಲ್‌ನಲ್ಲಿ ಜಾಗವಿರುವವರೆಗೂ ತಾನೇ ಬೆಳೆಯುತ್ತದೆ. ಗರಿಷ್ಠ ಮಿತಿಯನ್ನು ನೀವು ಹೇಳದಿದ್ದರೆ ಮೂಲ ಗಾತ್ರದ 120 ಪ್ರತಿಶತಕ್ಕೆ ನಿಂತುಬಿಡುತ್ತದೆ, ಆದ್ದರಿಂದ ಮಿತಿಯನ್ನು ಯೋಚಿಸಿ ಬರೆಯಿರಿ. ಸ್ನ್ಯಾಪ್‌ಶಾಟ್ ಆಟೋಡಿಲೀಟ್ ಇದ್ದರೆ ಹಳೆಯ ಸ್ನ್ಯಾಪ್‌ಶಾಟ್‌ಗಳಿಂದ ಆರಂಭಿಸಿ ಅಳಿಸುತ್ತದೆ. ಮೊದಲು ಬೆಳೆಯಲಿ, ಸಾಲದಿದ್ದರೆ ಮಾತ್ರ ಅಳಿಸಲಿ ಎಂಬ ಕ್ರಮವೇ ಮೂಲದಲ್ಲಿ, ಅಂದರೆ ನೀವು ಏನೂ ಬದಲಿಸದಿದ್ದಾಗ, ಇರುತ್ತದೆ, ಅದನ್ನು ಬದಲಿಸಬೇಡಿ. ನಿಮ್ಮ ಬ್ಯಾಕಪ್ ವ್ಯವಸ್ಥೆ ಈ ಸ್ನ್ಯಾಪ್‌ಶಾಟ್‌ಗಳನ್ನೇ ಅವಲಂಬಿಸಿದ್ದರೆ ಆಟೋಡಿಲೀಟ್ ಹಾಕುವ ಮುನ್ನ ಬ್ಯಾಕಪ್ ನೋಡಿಕೊಳ್ಳುವವರೊಂದಿಗೆ ಮಾತನಾಡುವುದು ಕಡ್ಡಾಯ.

ಹಂತ 4: ಲನ್ ಮಾಡಿ ಹೋಸ್ಟ್‌ಗೆ ಕೊಡಿ

ಲನ್ ಮಾಡುವಾಗ ಓಎಸ್ ಟೈಪ್ ಕೇಳುತ್ತದೆ. ಲಿನಕ್ಸ್, ವಿಎಂವೇರ್, ವಿಂಡೋಸ್ ಎಂದು ಸರಿಯಾದದ್ದನ್ನೇ ಕೊಡಿ. ತಪ್ಪಾದರೆ ಹೋಸ್ಟ್‌ನ ಬ್ಲಾಕ್‌ಗಳು ಅರೇಯ ಬ್ಲಾಕ್‌ಗಳ ಗಡಿಗೆ ಸರಿಯಾಗಿ ಕೂರದೆ, ಒಂದು ಬರಹಕ್ಕೆ ಎರಡು ಬ್ಲಾಕ್ ಮುಟ್ಟುವಂತಾಗಿ ವೇಗ ಕುಸಿಯುತ್ತದೆ. ಇದನ್ನು ಆಮೇಲೆ ಸರಿಪಡಿಸಲು ಡೇಟಾವನ್ನೇ ಬೇರೆ ಲನ್‌ಗೆ ಸಾಗಿಸಬೇಕಾಗುತ್ತದೆ.

ಸ್ಪೇಸ್ ಅಲೊಕೇಶನ್ ಎಂಬ ಆಯ್ಕೆ ಆನ್ ಆಗಿರುವುದನ್ನು ಖಚಿತಪಡಿಸಿಕೊಳ್ಳಿ. ಇದು ಎರಡು ಕೆಲಸ ಮಾಡುತ್ತದೆ. ಹೋಸ್ಟ್ ಅಳಿಸಿದ ಬ್ಲಾಕ್‌ಗಳನ್ನು ಅರೇಗೆ ಮರಳಿಸಲು ದಾರಿ ತೆರೆಯುತ್ತದೆ. ಜಾಗ ಮುಗಿದಾಗ ಲನ್ ಅನ್ನೇ ಆಫ್‌ಲೈನ್ ಮಾಡುವ ಬದಲು, ಬರೆಯಲು ಜಾಗವಿಲ್ಲ ಎಂಬ ಸಂದೇಶವನ್ನು ಹೋಸ್ಟ್‌ಗೆ ಕಳಿಸಿ ಓದುವುದಕ್ಕೆ ಅವಕಾಶ ಉಳಿಸುತ್ತದೆ. ಲನ್ ಆಫ್‌ಲೈನ್ ಮಾಡದೆ ಈ ಆಯ್ಕೆಯನ್ನು ಬದಲಿಸಲಾಗದ ಆವೃತ್ತಿಗಳಿರುವುದರಿಂದ ಮೊದಲ ದಿನವೇ ಮಾಡುವುದು ಲೇಸು.

ಲನ್‌ನ ಹೆಸರಿನಲ್ಲಿ ಹೋಸ್ಟ್, ಬಳಕೆ ಮತ್ತು ಕ್ರಮಾಂಕ ಇರಲಿ. ಹೋಸ್ಟ್‌ನಲ್ಲಿ ಕಾಣಿಸಿಕೊಂಡ ಮೇಲೆ ಮಲ್ಟಿಪಾತ್ (ಲನ್‌ಗೆ ಹೋಗುವ ಹಲವು ದಾರಿಗಳನ್ನು, ಅಂದರೆ ಪಾತ್‌ಗಳನ್ನು, ಒಂದಾಗಿ ತೋರಿಸುವ ವ್ಯವಸ್ಥೆ) ಪಟ್ಟಿಯಲ್ಲಿರುವ ಉದ್ದನೆಯ ಗುರುತಿನ ಸಂಖ್ಯೆಯನ್ನು ನಿಮ್ಮ ಪಟ್ಟಿಯಲ್ಲಿ ಬರೆದಿಡಿ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳು ಸರ್ವರ್ ಮತ್ತೆ ಆನ್ ಆದಾಗ ಅದಲುಬದಲಾಗಬಹುದು. ಆ ಸಂಖ್ಯೆ ಮಾತ್ರ ಬದಲಾಗದು.

ಹಂತ 5: ಎಚ್ಚರಿಕೆಯ ಗಡಿಗಳನ್ನು ನಿಮ್ಮ ವಾಸ್ತವಕ್ಕೆ ಹೊಂದಿಸಿ

ಆನ್‌ಟ್ಯಾಪ್ ಮೂಲದಲ್ಲಿ 95 ಪ್ರತಿಶತಕ್ಕೆ ಬಹುತೇಕ ತುಂಬಿದೆ ಎಂದೂ 98ಕ್ಕೆ ತುಂಬಿದೆ ಎಂದೂ ಎಚ್ಚರಿಸುತ್ತದೆ. ಥಿನ್ ಪೂಲ್‌ಗೆ ಇದು ತೀರ ತಡ. 132 ಟೆಬಿಬೈಟ್‌ನಲ್ಲಿ 95 ಪ್ರತಿಶತ ಎಂದರೆ ಉಳಿದಿರುವುದು 6.6. ಯಾರಾದರೂ 8 ಟೆಬಿಬೈಟ್‌ನ ಡೇಟಾಬೇಸ್‌ನ ಬ್ಯಾಕಪ್ ಪ್ರತಿಯನ್ನು ಪರೀಕ್ಷೆಗೆಂದು ಅದೇ ಪೂಲ್‌ಗೆ ಇಳಿಸಿದರೆ ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿಯುತ್ತದೆ.

ನಿಮ್ಮ ಗಡಿಯನ್ನು ಹೀಗೆ ಕಂಡುಕೊಳ್ಳಿ. ಯಾವ ಕಾರಣಕ್ಕೂ ದಾಟಬಾರದ ಮಿತಿಯನ್ನು 85 ಪ್ರತಿಶತ ಎಂದು ಇಟ್ಟುಕೊಂಡರೆ, ನಮ್ಮ ಪೂಲ್‌ನಲ್ಲಿ ಅದು 112.2 ಟೆಬಿಬೈಟ್. ತಿಂಗಳಿಗೆ 2.5 ಟೆಬಿಬೈಟ್ ಬೆಳೆಯುತ್ತಿದೆ, ಡಿಸ್ಕ್ ಬಂದು ಕೂರಲು ನಾಲ್ಕು ತಿಂಗಳು ಬೇಕು ಎಂದಾದರೆ ಆ ಅವಧಿಯಲ್ಲಿ 10 ಟೆಬಿಬೈಟ್ ಖರ್ಚಾಗುತ್ತದೆ. ಅಂದರೆ 102.2 ತಲುಪಿದಾಗ, ಸುಮಾರು 77 ಪ್ರತಿಶತಕ್ಕೆ, ಖರೀದಿಯ ಕೋರಿಕೆ ಹೊರಟಿರಬೇಕು. ಅದೇ ಮೊದಲ ಎಚ್ಚರಿಕೆಯ ಗಡಿ. ಎರಡನೆಯದನ್ನು 85ಕ್ಕೆ ಇಟ್ಟು, ಅಲ್ಲಿಂದ ಮುಂದೆ ಹೊಸ ಲನ್ ಕೊಡುವುದನ್ನು ನಿಲ್ಲಿಸುವ ನಿಯಮವನ್ನು ಬರಹದಲ್ಲಿ ಒಪ್ಪಿಸಿಕೊಳ್ಳಿ. ಬರಹದಲ್ಲಿ ಇಲ್ಲದಿದ್ದರೆ ತುರ್ತು ಎಂಬ ಒಂದು ಫೋನ್ ಕರೆಗೆ ಆ ನಿಯಮ ಮುರಿಯುತ್ತದೆ.

ಪ್ರತಿಶತದ ಜೊತೆಗೆ ವೇಗಕ್ಕೂ ಎಚ್ಚರಿಕೆ ಇಡಿ. ಒಂದು ದಿನದಲ್ಲಿ ಪೂಲ್ ಒಂದು ಟೆಬಿಬೈಟ್‌ಗಿಂತ ಹೆಚ್ಚು ಬೆಳೆದರೆ, ಅದು 60 ಪ್ರತಿಶತದಲ್ಲಿದ್ದರೂ, ಯಾರು ಏನು ಬರೆಯುತ್ತಿದ್ದಾರೆಂದು ಅಂದೇ ತಿಳಿಯಬೇಕು. ರೆಪ್ಲಿಕೇಶನ್ ಇದ್ದರೆ, ಅಂದರೆ ಇನ್ನೊಂದು ಅರೇಗೆ ಪ್ರತಿ ಹೋಗುತ್ತಿದ್ದರೆ, ಆ ಕಡೆಯ ಪೂಲ್‌ಗೂ ಇದೇ ಗಡಿಗಳು ಬೇಕು. ಅಲ್ಲಿ ಸ್ನ್ಯಾಪ್‌ಶಾಟ್‌ಗಳನ್ನು ಹೆಚ್ಚು ದಿನ ಇಡುವ ರೂಢಿಯಿರುವುದರಿಂದ ಅದೇ ಮೊದಲು ತುಂಬುವುದು ಅಪರೂಪವಲ್ಲ.

ಹಂತ 6: ಇರುವ ಲನ್ ಅನ್ನು ಹಿಗ್ಗಿಸುವುದು

ಕ್ರಮ ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಪೂಲ್‌ನಲ್ಲಿ ಜಾಗವಿದೆಯೇ ನೋಡಿ, ವಾಲ್ಯೂಮ್ ಹಿಗ್ಗಿಸಿ, ಲನ್ ಹಿಗ್ಗಿಸಿ, ಆಮೇಲೆ ಹೋಸ್ಟ್‌ಗೆ ಹೋಗಿ. ಲಿನಕ್ಸ್‌ನಲ್ಲಿ ಆ ಲನ್‌ನ ಪ್ರತಿಯೊಂದು ಪಾತ್ ಅನ್ನೂ ರೀಸ್ಕ್ಯಾನ್ ಮಾಡಬೇಕು. ನಾಲ್ಕರಲ್ಲಿ ಮೂರು ಪಾತ್‌ಗಳು ಹೊಸ ಗಾತ್ರ ಕಂಡು ಒಂದು ಹಳೆಯದನ್ನೇ ಹಿಡಿದಿದ್ದರೆ ಮಲ್ಟಿಪಾತ್ ಹಿಗ್ಗಲು ಒಪ್ಪುವುದಿಲ್ಲ. ದೋಷ ಹುಡುಕುವವರು ಸಾಮಾನ್ಯವಾಗಿ ಇಲ್ಲೇ ಸಮಯ ಕಳೆಯುತ್ತಾರೆ. ಎಲ್ಲ ಪಾತ್‌ಗಳೂ ಹೊಸ ಗಾತ್ರ ತೋರಿಸಿದ ಮೇಲೆ ಮಲ್ಟಿಪಾತ್ ಮ್ಯಾಪ್ ರೀಸೈಜ್, ಎಲ್‌ವಿಎಂನ (ಲಿನಕ್ಸ್‌ನಲ್ಲಿ ಡಿಸ್ಕ್ ಜಾಗವನ್ನು ವಿಭಾಗಿಸುವ ವ್ಯವಸ್ಥೆ) ಪಿವಿರೀಸೈಜ್, ಎಲ್‌ವಿಎಕ್ಸ್‌ಟೆಂಡ್ ಆಜ್ಞೆಗಳು, ಕೊನೆಗೆ ಫೈಲ್ ಸಿಸ್ಟಂ ಹಿಗ್ಗಿಸುವ ಆಜ್ಞೆ. ಎಕ್ಸ್‌ಎಫ್‌ಎಸ್ ಮತ್ತು ಎಕ್ಸ್‌ಟಿ4 ಫೈಲ್ ಸಿಸ್ಟಂಗಳೆರಡೂ ಕೆಲಸ ನಡೆಯುತ್ತಿರುವಾಗಲೇ ಹಿಗ್ಗುತ್ತವೆ.

ಎರಡು ಗೋಡೆಗಳನ್ನು ನೆನಪಿಡಿ. ಹಳೆಯ ಎಂಬಿಆರ್ ಪಾರ್ಟಿಶನ್ ಪಟ್ಟಿ ಇರುವ ಡಿಸ್ಕ್ 2 ಟೆಬಿಬೈಟ್ ದಾಟಲಾರದು, ಜಿಪಿಟಿ ಬೇಕು. 4 ಕೆಬಿ ಕ್ಲಸ್ಟರ್‌ನೊಂದಿಗೆ ಫಾರ್ಮ್ಯಾಟ್ ಆದ ವಿಂಡೋಸ್ ಎನ್‌ಟಿಎಫ್‌ಎಸ್ ವಾಲ್ಯೂಮ್ 16 ಟೆಬಿಬೈಟ್‌ಗೆ ನಿಲ್ಲುತ್ತದೆ.

ಕುಗ್ಗಿಸುವ ವಿಷಯದಲ್ಲಿ ನನ್ನ ಸಲಹೆ ಒಂದೇ: ಕುಗ್ಗಿಸಬೇಡಿ. ಫೈಲ್ ಸಿಸ್ಟಂ ಅನ್ನು ಮೊದಲು ಕುಗ್ಗಿಸದೆ ಅರೇಯಲ್ಲಿ ಲನ್ ಕುಗ್ಗಿಸಿದರೆ ಕೊನೆಯ ಭಾಗದ ಡೇಟಾ ಕತ್ತರಿಸಿ ಹೋಗುತ್ತದೆ, ಎಕ್ಸ್‌ಎಫ್‌ಎಸ್ ಅಂತೂ ಬಳಕೆಗೆ ಬರುವಷ್ಟು ಕುಗ್ಗುವುದೇ ಇಲ್ಲ. ಚಿಕ್ಕ ಲನ್ ಹೊಸದಾಗಿ ಮಾಡಿ ಡೇಟಾ ಸಾಗಿಸಿ. ಥಿನ್ ಲನ್ ಆಗಿದ್ದರೆ ಅದೂ ಬೇಡ. ಮುಂದಿನ ಹಂತದಂತೆ ಜಾಗ ಮರಳಿಸಿದರೆ ಸಾಕು, ತೋರಿಕೆಯ ಗಾತ್ರ ದೊಡ್ಡದಿದ್ದರೆ ನಷ್ಟವಿಲ್ಲ.

ಹಂತ 7: ಅಳಿಸಿದ ಜಾಗವನ್ನು ಮರಳಿ ಪಡೆಯಿರಿ

ಆರಂಭದ ಪ್ರಶ್ನೆಗೆ ಉತ್ತರ ಇಲ್ಲಿದೆ. ಫೈಲ್ ಅಳಿಸಿದಾಗ ಫೈಲ್ ಸಿಸ್ಟಂ ತನ್ನ ಪಟ್ಟಿಯಲ್ಲಿ ಆ ಬ್ಲಾಕ್‌ಗಳು ಖಾಲಿ ಎಂದು ಗುರುತಿಸಿಕೊಳ್ಳುತ್ತದೆಯೇ ಹೊರತು ಅರೇಗೆ ಏನನ್ನೂ ಹೇಳುವುದಿಲ್ಲ. ಅರೇಯ ಮಟ್ಟಿಗೆ ಆ ಬ್ಲಾಕ್‌ಗಳಲ್ಲಿ ಇನ್ನೂ ಡೇಟಾ ಇದೆ. ಹೇಳಲೆಂದೇ ಸ್ಕಸಿ ಎಂಬ, ಸರ್ವರ್ ಡಿಸ್ಕ್‌ನೊಂದಿಗೆ ಮಾತನಾಡುವ ಮಾನಕದಲ್ಲಿ ಅನ್‌ಮ್ಯಾಪ್ ಎಂಬ ಆಜ್ಞೆ ಇದೆ, ಮತ್ತು ಅದು ಫೈಲ್ ಸಿಸ್ಟಂನಿಂದ ಅರೇಯವರೆಗೆ ಎಲ್ಲ ಪದರಗಳನ್ನೂ ದಾಟಿ ಬರಬೇಕು.

ಲಿನಕ್ಸ್‌ನಲ್ಲಿ ಮೊದಲು ಎಲ್‌ಎಸ್‌ಬಿಎಲ್‌ಕೆ ಆಜ್ಞೆಯನ್ನು ದೊಡ್ಡ ಡಿ ಆಯ್ಕೆಯೊಂದಿಗೆ ಕೊಟ್ಟು ನೋಡಿ. ಡಿಸ್ಕಾರ್ಡ್ ಎಂಬ ಅಂಕಣಗಳಲ್ಲಿ ಸೊನ್ನೆ ಇದ್ದರೆ ಆ ಪದರ ಅನ್‌ಮ್ಯಾಪ್ ಅನ್ನು ದಾಟಿಸುತ್ತಿಲ್ಲ ಎಂದರ್ಥ. ಅರೇಯಲ್ಲಿ ಸ್ಪೇಸ್ ಅಲೊಕೇಶನ್ ಆಫ್ ಇರುವುದು ಒಂದು ಕಾರಣ. ಲಕ್ಸ್ ಎನ್‌ಕ್ರಿಪ್ಶನ್ ಪದರ ಮೂಲದಲ್ಲಿ ಡಿಸ್ಕಾರ್ಡ್ ತಡೆಯುವುದು ಇನ್ನೊಂದು. ಅದನ್ನು ಕ್ರಿಪ್ಟ್‌ಟ್ಯಾಬ್ ಫೈಲ್‌ನಲ್ಲಿ ಅನುಮತಿಸಬೇಕು. ಎಲ್ಲ ಪದರಗಳೂ ಸರಿಯಿದ್ದರೆ, ಖಾಲಿ ಬ್ಲಾಕ್‌ಗಳಿಗೆಲ್ಲ ಒಟ್ಟಿಗೆ ಅನ್‌ಮ್ಯಾಪ್ ಕಳಿಸುವ ಎಫ್‌ಎಸ್‌ಟ್ರಿಮ್ ಆಜ್ಞೆ ನಡೆಸಿ. ಪ್ರತಿ ಅಳಿಕೆಯೊಂದಿಗೂ ಅನ್‌ಮ್ಯಾಪ್ ಕಳಿಸುವ ಡಿಸ್ಕಾರ್ಡ್ ಮೌಂಟ್ ಆಯ್ಕೆಗಿಂತ, ವಾರಕ್ಕೊಮ್ಮೆ ನಡೆಯುವ ಎಫ್‌ಎಸ್‌ಟ್ರಿಮ್ ಟೈಮರ್ ಅನ್ನು ನಾನು ಮೇಲೆಂದು ಭಾವಿಸುತ್ತೇನೆ, ಏಕೆಂದರೆ ಕೆಲಸದ ಹೊತ್ತಿನಲ್ಲಿ ಅರೇಗೆ ಹೊರೆ ಬೀಳುವುದಿಲ್ಲ. ಆದರೆ ನೂರಾರು ಸರ್ವರ್‌ಗಳ ಟೈಮರ್ ಒಂದೇ ಗಳಿಗೆಯಲ್ಲಿ ಏಳದಂತೆ ಸಮಯವನ್ನು ಚದುರಿಸಿಡಿ.

ಎಲ್‌ವಿಎಂ ಸಂರಚನೆಯಲ್ಲಿರುವ ಇಶ್ಯೂ ಡಿಸ್ಕಾರ್ಡ್ಸ್ ಎಂಬ ಆಯ್ಕೆಯನ್ನು ಹಲವರು ಇದಕ್ಕೆ ಬೇಕೆಂದು ಆನ್ ಮಾಡುತ್ತಾರೆ. ಎಫ್‌ಎಸ್‌ಟ್ರಿಮ್‌ಗೆ ಅದು ಬೇಕಿಲ್ಲ. ಅದು ಲಾಜಿಕಲ್ ವಾಲ್ಯೂಮ್ ತೆಗೆದುಹಾಕಿದಾಗ ಅಥವಾ ಕುಗ್ಗಿಸಿದಾಗ ಅನ್‌ಮ್ಯಾಪ್ ಕಳಿಸುವುದಕ್ಕೆ ಮಾತ್ರ ಸಂಬಂಧಿಸಿದ್ದು, ಆನ್ ಇದ್ದರೆ ತಪ್ಪಾಗಿ ತೆಗೆದ ವಾಲ್ಯೂಮನ್ನು ಹಳೆಯ ಮೆಟಾಡೇಟಾದಿಂದ (ಎಲ್ಲಿ ಏನಿದೆ ಎಂಬ ದಾಖಲೆಯಿಂದ) ಮರಳಿಸುವ ಕೊನೆಯ ದಾರಿಯೂ ಮುಚ್ಚಿಹೋಗುತ್ತದೆ.

ವಿಎಂವೇರ್‌ನಲ್ಲಿ ಎರಡು ಮಟ್ಟಗಳಿವೆ. ವಿಸ್ಫಿಯರ್ 6.5ರೊಂದಿಗೆ ಬಂದ ವಿಎಂಎಫ್‌ಎಸ್-6 ಡೇಟಾಸ್ಟೋರ್ (ವರ್ಚುವಲ್ ಮೆಷಿನ್‌ಗಳ ಡಿಸ್ಕ್‌ಗಳನ್ನು ಇಡುವ ಜಾಗ) ಹಿನ್ನೆಲೆಯಲ್ಲಿ ತಾನೇ ಅನ್‌ಮ್ಯಾಪ್ ಕಳಿಸುತ್ತದೆ. ವಿಎಂಎಫ್‌ಎಸ್-5ರಲ್ಲಿ ಕೈಯಿಂದ ಆಜ್ಞೆ ಕೊಡಬೇಕು. ವರ್ಚುವಲ್ ಮೆಷಿನ್‌ನ ಒಳಗೆ ಅಳಿಸಿದ ಜಾಗ ಡೇಟಾಸ್ಟೋರ್‌ಗೆ ಮರಳಬೇಕಾದರೆ ಆ ಮೆಷಿನ್‌ನ ಡಿಸ್ಕ್ ಥಿನ್ ಆಗಿರಬೇಕು, ಒಳಗಿನ ಆಪರೇಟಿಂಗ್ ಸಿಸ್ಟಂ ಕೂಡ ಟ್ರಿಮ್ ಮಾಡಬೇಕು.

ಈಗ ಬಹಳ ಜನ ಗಾಬರಿಯಾಗುವ ಸಂಗತಿಯನ್ನು ಸಂಖ್ಯೆಗಳೊಂದಿಗೆ ನೋಡೋಣ. 2 ಟೆಬಿಬೈಟ್ ಲನ್‌ನ ಫೈಲ್ ಸಿಸ್ಟಂ 880 ಗಿಬಿಬೈಟ್ ಬಳಕೆ ತೋರಿಸುತ್ತಿದೆ. ಅರೇಯಲ್ಲಿ ಅದೇ ಲನ್‌ನ ಬಳಕೆ 1740, ಸ್ನ್ಯಾಪ್‌ಶಾಟ್‌ಗಳದ್ದು 310, ಒಟ್ಟು 2050. ಎಫ್‌ಎಸ್‌ಟ್ರಿಮ್ ನಡೆಸುತ್ತೀರಿ. ಲನ್‌ನ ಬಳಕೆ 890ಕ್ಕೆ ಇಳಿಯುತ್ತದೆ. ಪೂಲ್ ಕಡೆ ನೋಡಿದರೆ ಒಟ್ಟು ಇನ್ನೂ 2050. ಆಜ್ಞೆ ವಿಫಲವಾಗಿಲ್ಲ, ಬಿಡುಗಡೆಯಾದ 850 ಗಿಬಿಬೈಟ್ ಹಳೆಯ ಸ್ನ್ಯಾಪ್‌ಶಾಟ್‌ಗಳಲ್ಲಿ ಸಿಕ್ಕಿಕೊಂಡಿದೆ, ಸ್ನ್ಯಾಪ್‌ಶಾಟ್‌ನ ಲೆಕ್ಕ 310ರಿಂದ 1160ಕ್ಕೆ ಏರಿದೆ. ಏಳು ದಿನದ ಸರದಿ ಮುಗಿದು ಆ ಸ್ನ್ಯಾಪ್‌ಶಾಟ್‌ಗಳು ಅಳಿದ ಮೇಲೆಯೇ ಪೂಲ್‌ಗೆ ಜಾಗ ಮರಳುತ್ತದೆ. ಅದಕ್ಕೇ ಮೊದಲ ಟ್ರಿಮ್ ಅನ್ನು ಪೂಲ್‌ನಲ್ಲಿ ಸಾಕಷ್ಟು ಜಾಗವಿರುವಾಗ ಮಾಡಿ, ವಾರ ಬಿಟ್ಟು ಅಳೆಯಿರಿ. ಟ್ರಿಮ್‌ನ ಬೆನ್ನಿಗೇ ವಾಲ್ಯೂಮ್ ತುಂಬಿದಂತೆ ಕಂಡು ಆಟೋಡಿಲೀಟ್ ಕೆಲಸಕ್ಕೆ ಇಳಿಯದಂತೆ ವಾಲ್ಯೂಮ್‌ನ ಗಾತ್ರವನ್ನೂ ನೋಡಿಕೊಳ್ಳಿ.

ಥಿನ್ ಲನ್ ಮೇಲೆ ಡಿಫ್ರ್ಯಾಗ್ಮೆಂಟೇಶನ್ ನಡೆಸಬೇಡಿ. ಅದು ಡೇಟಾವನ್ನು ಹೊಸ ಬ್ಲಾಕ್‌ಗಳಿಗೆ ಸರಿಸುತ್ತದೆ, ಅರೇ ಅವನ್ನೆಲ್ಲ ಹೊಸ ಬರಹವೆಂದು ಎಣಿಸಿ ಜಾಗ ಕೊಡುತ್ತದೆ, ಸ್ನ್ಯಾಪ್‌ಶಾಟ್‌ಗಳು ಹಳೆಯದನ್ನೂ ಹಿಡಿದಿಡುತ್ತವೆ.

ಹಂತ 8: ಬೇಡವಾದ ಲನ್ ತೆಗೆಯುವುದು

ಹೋಸ್ಟ್‌ನಲ್ಲಿ ಅನ್‌ಮೌಂಟ್ ಮಾಡಿ, ವಾಲ್ಯೂಮ್ ಗ್ರೂಪ್ ನಿಷ್ಕ್ರಿಯಗೊಳಿಸಿ, ಮಲ್ಟಿಪಾತ್ ಮತ್ತು ಪಾತ್‌ಗಳನ್ನು ತೆಗೆದ ಮೇಲೆಯೇ ಅರೇಯಲ್ಲಿ ಮ್ಯಾಪಿಂಗ್, ಅಂದರೆ ಲನ್ ಮತ್ತು ಹೋಸ್ಟ್‌ನ ಜೋಡಣೆ, ತೆಗೆಯಿರಿ. ಮೊದಲು ಅರೇಯಲ್ಲಿ ತೆಗೆದರೆ ಹೋಸ್ಟ್ ಇಲ್ಲದ ಡಿಸ್ಕ್‌ಗಾಗಿ ಕಾಯುತ್ತಾ ನಿಂತುಬಿಡಬಹುದು. ಗುರುತಿನ ಸಂಖ್ಯೆಯನ್ನು ಎರಡೂ ಕಡೆ ಹೋಲಿಸಿ, ಸಾಧ್ಯವಾದರೆ ಇನ್ನೊಬ್ಬರ ಕಣ್ಣಿನಿಂದಲೂ ಪರೀಕ್ಷಿಸಿ. ಮ್ಯಾಪಿಂಗ್ ತೆಗೆದು ಒಂದೆರಡು ವಾರ ಹಾಗೆಯೇ ಬಿಟ್ಟು, ಯಾರೂ ಕೇಳದಿದ್ದ ಮೇಲೆ ಅಳಿಸುವುದು ಉತ್ತಮ ಅಭ್ಯಾಸ.

ಆನ್‌ಟ್ಯಾಪ್‌ನಲ್ಲಿ ವಾಲ್ಯೂಮ್ ಅಳಿಸಿದ ಕೂಡಲೇ ಜಾಗ ಮರಳುವುದಿಲ್ಲ. ಅದು ರಿಕವರಿ ಕ್ಯೂ ಎಂಬಲ್ಲಿ ಮೂಲದಲ್ಲಿ 12 ಗಂಟೆ ಕಾಯುತ್ತದೆ. ತಪ್ಪಾಗಿ ಅಳಿಸಿದವರನ್ನು ಕಾಪಾಡುವ ವ್ಯವಸ್ಥೆ ಅದು, ಆದ್ದರಿಂದ ತುರ್ತು ಇಲ್ಲದೆ ಖಾಲಿ ಮಾಡಬೇಡಿ.

ಪೂಲ್ ತುಂಬಿಯೇ ಬಿಟ್ಟರೆ

ಈ ಹೊತ್ತಿನಲ್ಲಿ ಮೊದಲು ಮಾಡುವ ತಪ್ಪೇ ಹೋಸ್ಟ್‌ಗಳಲ್ಲಿ ಫೈಲ್ ಅಳಿಸಲು ಹೇಳುವುದು. ಅಳಿಸುವಿಕೆಯೂ ಮೆಟಾಡೇಟಾ ಬರೆಯುತ್ತದೆ, ಮೇಲಿನ ಕಾರಣಗಳಿಗಾಗಿ ಜಾಗವೂ ತಕ್ಷಣ ಬರುವುದಿಲ್ಲ. ಬದಲಿಗೆ ಈ ಕ್ರಮದಲ್ಲಿ ಹೋಗಿ.

1. ಹೆಚ್ಚು ಬರೆಯುತ್ತಿರುವ ಕೆಲಸವನ್ನು ಗುರುತಿಸಿ ನಿಲ್ಲಿಸಿ. ಅದು ಬ್ಯಾಕಪ್ ಮರಳಿಸುವಿಕೆ, ಡೇಟಾ ಲೋಡ್ ಅಥವಾ ನಿಯಂತ್ರಣ ತಪ್ಪಿದ ಲಾಗ್ ಆಗಿರುವ ಸಾಧ್ಯತೆಯೇ ಹೆಚ್ಚು.

2. ರಿಕವರಿ ಕ್ಯೂನಲ್ಲಿ ಖಚಿತವಾಗಿ ಬೇಡವಾದ ವಾಲ್ಯೂಮ್‌ಗಳಿದ್ದರೆ ಖಾಲಿ ಮಾಡಿ.

3. ಅತಿ ಹಳೆಯ, ಅತಿ ದೊಡ್ಡ ಸ್ನ್ಯಾಪ್‌ಶಾಟ್‌ಗಳನ್ನು ಅಳಿಸಿ. ರೆಪ್ಲಿಕೇಶನ್‌ಗೆ ಆಧಾರವಾಗಿರುವ ಸ್ನ್ಯಾಪ್‌ಶಾಟ್ ಅಳಿದರೆ ಇನ್ನೊಂದು ಅರೇಗೆ ಪೂರ್ತಿ ಡೇಟಾವನ್ನು ಮೊದಲಿನಿಂದ ಕಳಿಸಬೇಕಾಗುತ್ತದೆ, ಆದ್ದರಿಂದ ಅಂತಹವನ್ನು ಬಿಡಿ. ಅಳಿಸಿದ ಮೇಲೆ ಬ್ಲಾಕ್‌ಗಳು ಹಿನ್ನೆಲೆಯಲ್ಲಿ ಬಿಡುಗಡೆಯಾಗುವುದರಿಂದ ಸಂಖ್ಯೆ ಇಳಿಯಲು ಸ್ವಲ್ಪ ಸಮಯ ಕೊಡಿ.

4. ಥಿಕ್ ಆಗಿರುವ ಆದರೆ ಹಾಗಿರಬೇಕಿಲ್ಲದ ವಾಲ್ಯೂಮ್‌ಗಳ ಗ್ಯಾರಂಟಿಯನ್ನು ನನ್ ಎಂದು ಬದಲಿಸಿ. ಕಾದಿರಿಸಿದ ಖಾಲಿ ಜಾಗ ತಕ್ಷಣ ಪೂಲ್‌ಗೆ ಬರುತ್ತದೆ. ಪೂಲ್ ಸುಧಾರಿಸಿದ ಮೇಲೆ ಯಾವುದನ್ನು ಮತ್ತೆ ಥಿಕ್ ಮಾಡಬೇಕೆಂದು ಬರೆದಿಟ್ಟುಕೊಳ್ಳಿ.

5. ಬೇರೆ ಅಗ್ರಿಗೇಟ್‌ನಲ್ಲಿ ಜಾಗವಿದ್ದರೆ ವಾಲ್ಯೂಮ್ ಮೂವ್ ಮೂಲಕ ಕೆಲಸ ನಿಲ್ಲಿಸದೆ ಒಂದೆರಡು ವಾಲ್ಯೂಮ್‌ಗಳನ್ನು ಸಾಗಿಸಿ. ದೊಡ್ಡದಕ್ಕೆ ಗಂಟೆಗಟ್ಟಲೆ ಬೇಕು. ಮಧ್ಯಮ ಗಾತ್ರದ್ದರಿಂದ ಆರಂಭಿಸಿ.

ಕೊನೆಯ ಸ್ಪೇರ್ ಡಿಸ್ಕನ್ನು ಪೂಲ್‌ಗೆ ಸೇರಿಸುವ ಆಸೆಗೆ ಮಾತ್ರ ಬೀಳಬೇಡಿ. ಒಮ್ಮೆ ಅಗ್ರಿಗೇಟ್‌ಗೆ ಸೇರಿದ ಡಿಸ್ಕನ್ನು ಮರಳಿ ತೆಗೆಯಲಾಗದು, ಮತ್ತು ಮುಂದಿನ ಡಿಸ್ಕ್ ಕೆಟ್ಟಾಗ ಮರುನಿರ್ಮಾಣಕ್ಕೆ ಏನೂ ಉಳಿದಿರುವುದಿಲ್ಲ.

ಜಾಗ ಸಿಕ್ಕ ಮೇಲೆ ಆಫ್‌ಲೈನ್ ಆದ ಲನ್‌ಗಳನ್ನು ಆನ್‌ಲೈನ್‌ಗೆ ತನ್ನಿ. ಬರೆಯಲಾಗದೆ ನಿಂತ ಎಕ್ಸ್‌ಎಫ್‌ಎಸ್ ತನ್ನನ್ನು ತಾನೇ ಮುಚ್ಚಿಕೊಂಡಿರಬಹುದು, ಎಕ್ಸ್‌ಟಿ4 ಓದಲು ಮಾತ್ರ ಎಂಬ ಸ್ಥಿತಿಗೆ ಹೋಗಿರಬಹುದು, ವಿಎಂವೇರ್ ಮೆಷಿನ್‌ಗಳು ವಿರಾಮದಲ್ಲಿ ಉತ್ತರಕ್ಕಾಗಿ ಕಾಯುತ್ತಿರಬಹುದು. ಅನ್‌ಮೌಂಟ್ ಮಾಡಿ, ಮತ್ತೆ ಮೌಂಟ್ ಮಾಡಿ ಜರ್ನಲ್ (ಅರ್ಧಕ್ಕೆ ನಿಂತ ಬರಹಗಳ ದಾಖಲೆ) ಪೂರ್ಣಗೊಳ್ಳಲು ಬಿಟ್ಟು, ಮೌಂಟ್ ಆಗದಿದ್ದರೆ ಮಾತ್ರ ಎಕ್ಸ್‌ಎಫ್‌ಎಸ್ ರಿಪೇರ್ ಅಥವಾ ಎಫ್‌ಎಸ್‌ಸಿಕೆ ಬಳಸಿ. ಡೇಟಾಬೇಸ್ ಆರಂಭಿಸಿದ ಬಳಿಕ ಅದರ ಸ್ವಂತ ಪರಿಶೀಲನಾ ಆಜ್ಞೆಯನ್ನು ನಡೆಸಿ, ರೆಪ್ಲಿಕೇಶನ್ ಮತ್ತೆ ಸಾಗುತ್ತಿದೆಯೇ ಎಂದು ನೋಡಿ, ಅಳಿಸಿದ ಸ್ನ್ಯಾಪ್‌ಶಾಟ್‌ಗಳ ಬದಲಿಗೆ ಅದೇ ದಿನ ಒಂದು ಪೂರ್ಣ ಬ್ಯಾಕಪ್ ತೆಗೆಯಿರಿ.